ಅಂಥ ದಾಖಲೆ ಇಲ್ಲ

ಫೆಬ್ರವರಿ 3

ದಾಖಲೆಗಳ ಇಲಾಖೆಯ ನಿರ್ದೇಶಕರ ಸನ್ನಿಧಾನಕ್ಕೆ,

ನಮ್ಮಿಬ್ಬರ ನಡುವೆ ಮಾತು ನಿಂತು ನಾಲ್ಕು ವರ್ಷವಾಯಿತು. ಅಕ್ಕ ಸೋತು ತಮ್ಮನಿಗೆ ಕಾಗದ ಬರೆದಳು ಎಂದು ಹಿಗ್ಗಬೇಡ. ನಿವೃತ್ತ ಲಿಫ್ಟ್ ತಪಾಸಣಾಧಿಕಾರಿಯೊಬ್ಬಳು ಒಂದು ಕಚೇರಿಗೆ ಬರೆಯುತ್ತಿದ್ದಾಳೆ. ಆ ಕಚೇರಿಯ ಕುರ್ಚಿಯಲ್ಲಿ ನೀನು ಕೂತಿರುವುದು ಊರಿನ ದುರದೃಷ್ಟ.

ಕಳೆದ ನವೆಂಬರಿನಲ್ಲಿ ದೊಡ್ಡಾಸ್ಪತ್ರೆಯ ಲಿಫ್ಟು ಬಾಗಿಲು ತೆರೆದಿರುವಾಗಲೇ ಕೆಳಕ್ಕೆ ಜಾರಿತು. ಗಾಲಿಮಂಚ ಒಳಗೆ ತಳ್ಳುತ್ತಿದ್ದ ಆಯಾಳ ಕಾಲು ಸಿಕ್ಕಿಕೊಂಡಿತು. ಮಂಡಿಯ ಮೇಲಿನಿಂದಲೇ ಕತ್ತರಿಸಿ ತೆಗೆದರು. ಬ್ರೇಕಿನ ಲೈನಿಂಗ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತಂತೆ. ಆಸ್ಪತ್ರೆಯವರು ಈಗ ಲಿಫ್ಟ್ ಮೇಸ್ತ್ರಿಯ ಕಡೆ ಬೆರಳು ತೋರಿಸುತ್ತಿದ್ದಾರೆ. ಲೈನಿಂಗ್ ಸವೆದಿದೆ ಎಂದು ಅವನು ಯಾರಿಗೂ ಹೇಳಲೇ ಇಲ್ಲವಂತೆ.

ಹೇಳಿದ್ದ. ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ನನ್ನ ಕೊನೆಯ ತಪಾಸಣೆಗಳಲ್ಲಿ ಅದೂ ಒಂದು. ವರದಿ ನಂಬರು 4417. 'ಲೈನಿಂಗ್ ಸವೆದಿದೆ, ಬದಲಿಸುವ ತನಕ ಲಿಫ್ಟ್ ನಿಲ್ಲಿಸಬೇಕು' ಎಂದು ಮೇಸ್ತ್ರಿ ತನ್ನ ಕೈಯಲ್ಲೇ ಬರೆದಿದ್ದ. ಅದರ ಕೆಳಗೆ 'ನಿಲ್ಲಿಸತಕ್ಕದ್ದು' ಎಂದು ನನ್ನ ಷರಾ, ನನ್ನ ಸಹಿ. ನಾನು ನಿವೃತ್ತಳಾದ ಮೇಲೆ ತಪಾಸಣೆಯೆಂಬುದೇ ಇಲ್ಲವಾಯಿತು. ನಮ್ಮ ಲಿಫ್ಟು ಚೆನ್ನಾಗಿದೆ ಎಂದು ಕಟ್ಟಡದವರೇ ಬರೆದುಕೊಟ್ಟರೆ ಸಾಕು ಎಂದು ಸರ್ಕಾರ ಕೈತೊಳೆದುಕೊಂಡಿತು. ಆಸ್ಪತ್ರೆಯ ಬಳಿಯಿದ್ದ ಪ್ರತಿ ಕಳೆದುಹೋಗಿದೆಯಂತೆ. ಕಳೆಯದೆ ಇನ್ನೇನು ಮಾಡೀತು!

ವಿಚಾರಣಾಧಿಕಾರಿ ಆ ವರದಿಯನ್ನು ನಿನ್ನ ಇಲಾಖೆಯಿಂದ ಕೇಳಿದರು. ನಿನ್ನ ಇಲಾಖೆ ಮೂರೇ ಪದದಲ್ಲಿ ಉತ್ತರ ಕೊಟ್ಟಿತು: 'ಅಂಥ ದಾಖಲೆ ಇಲ್ಲ.'

ಏಪ್ರಿಲ್ 18ಕ್ಕೆ ಕೊನೆಯ ವಿಚಾರಣೆ. ಅಷ್ಟರೊಳಗೆ ಅದು ಸಿಗದಿದ್ದರೆ ಮೂವತ್ತು ವರ್ಷ ಗ್ರೀಸಿನಲ್ಲಿ ಕೈಯದ್ದಿ ದುಡಿದವನ ಲೈಸೆನ್ಸು ಹೋಗುತ್ತದೆ, ಅವನು ಜೈಲಿಗೆ ಹೋಗುತ್ತಾನೆ. ಹುಡುಕಿಸು. ಫೋನ್ ಮಾಡಬೇಡ, ಫೋನಿನಲ್ಲಿ ಆಡಿದ ಮಾತಿಗೆ ತಾರೀಖೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ.

ಇತಿ,
ನಿವೃತ್ತ ಲಿಫ್ಟ್ ತಪಾಸಣಾಧಿಕಾರಿ


ಫೆಬ್ರವರಿ 14

ಅಕ್ಕಾ,

ಕಚೇರಿಗೆ ಬರೆದಿದ್ದೀಯ, ಕಚೇರಿಯ ಉತ್ತರವನ್ನೇ ಮೊದಲು ಕೊಡುತ್ತೇನೆ. 4417ನ್ನು ನಾನೇ ಕೂತು ಹುಡುಕಿದೆ. ಆಸ್ಪತ್ರೆಯ ಹೆಸರಿನಿಂದ ಹುಡುಕಿದೆ, ತಾರೀಖಿನಿಂದ ಹುಡುಕಿದೆ. ಮೂರು ಸಲವೂ ಅದೇ ಉತ್ತರ ಬಂತು.

ತಮ್ಮನಾಗಿ ಒಂದು ಮಾತು ಹೇಳಬಹುದೇ? ವರ್ಷಕ್ಕೆ ಎಂಟುನೂರು ಲಿಫ್ಟು ನೋಡುತ್ತಿದ್ದೆ ನೀನು. ಅದು ನೀನು ಕೆಲಸ ಬಿಡುವ ತಿಂಗಳು. ಬೀಳ್ಕೊಡುಗೆ, ಕಡತಗಳ ಹಸ್ತಾಂತರ, ನೂರೆಂಟು ಗಡಿಬಿಡಿ. ಒಂದರ ಬದಲು ಇನ್ನೊಂದು ನೆನಪಿಗೆ ಬಂದಿರಬಹುದಲ್ಲವೇ? ಮೇಸ್ತ್ರಿಯ ಮೇಲೆ ನಿನಗೆ ಅಭಿಮಾನ ಎಂಬುದು ಗೊತ್ತು. ಅಭಿಮಾನ ಬೇರೆ, ಸಾಕ್ಷಿ ಬೇರೆ ಎಂದು ನನಗೆ ಹೇಳಿಕೊಟ್ಟವಳು ನೀನೇ.

ಮಂಡಿನೋವು ಹೇಗಿದೆ?

ನಿನ್ನ ತಮ್ಮ


ಫೆಬ್ರವರಿ 17

ನಿರ್ದೇಶಕರೇ,

ಮಂಡಿ ಇದೆ. ನಿಮ್ಮ ಇಲಾಖೆಗೆ ಕೊಟ್ಟಿಲ್ಲವಾದ್ದರಿಂದ ಇನ್ನೂ ಇದೆ.

ನನ್ನ ನೆನಪಿನ ವಿಷಯ ಎತ್ತಿದ್ದೀಯ, ಕೇಳಿಸಿಕೋ. ಅಮ್ಮ ತೀರಿಕೊಂಡಾಗ ನಿನಗೆ ಒಂಬತ್ತು, ನನಗೆ ಇಪ್ಪತ್ತು. ಐದನೇ ಕ್ಲಾಸಿನಲ್ಲಿ ಗಣಿತಕ್ಕೆ ಕೆಂಪುಗೆರೆ ಬಿದ್ದಾಗ ಮಾರ್ಕ್ಸ್ ಕಾರ್ಡನ್ನು ನೀರಿನ ತೊಟ್ಟಿಯ ಹಿಂದೆ ತುರುಕಿ, 'ಸ್ಕೂಲಲ್ಲಿ ಕೊಟ್ಟೇ ಇಲ್ಲ ಅಕ್ಕಾ' ಎಂದು ಕಣ್ಣು ಮಿಟುಕಿಸದೆ ಹೇಳಿದವನು ನೀನು. ಇಪ್ಪತ್ತೆಂಟು ಅಂಕ. ಇಲ್ಲ ಎನ್ನುವುದು ನಿನಗೆ ಅಲ್ಲಿಂದ ರೂಢಿಯಾಗಿ ಬಂದಿದೆ. ಈಗ ಅದಕ್ಕೆ ಸಂಬಳವೂ ಬರುತ್ತದೆ.

ನಾಲ್ಕು ವರ್ಷದ ಹಿಂದೆ ಊರಿನ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಹನ್ನೊಂದು ಲಾರಿಗಳಲ್ಲಿ ತುಂಬಿ ಕಾಗದದ ಗಿರಣಿಗೆ ಸಾಗಿಸಿದೆ. ಅದನ್ನು ಖಂಡಿಸಿ ನಾನು ಪತ್ರಿಕೆಗೆ ಬರೆದೆ. ನಿನ್ನ ಮಾನ ಹೋಯಿತೆಂದು ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಅಲ್ಲಿಂದ ಮುಂದೆ ನಾವು ಬರೆದ ಪ್ರತಿ ವರದಿಯನ್ನೂ ವಾರದೊಳಗೆ ಸ್ಕ್ಯಾನ್ ಮಾಡಿ ಮೂಲವನ್ನು ಅರೆಸುತ್ತಿದ್ದೆ. 4417ಕ್ಕೂ ಅದೇ ಗತಿ. ಗ್ರಂಥಾಲಯಗಳನ್ನು ಸುಟ್ಟ ಸೇನಾಪತಿಗಳ ಬಗ್ಗೆ ಚರಿತ್ರೆಯಲ್ಲಿ ಓದಿದ್ದೇನೆ. ಅವರಿಗೆ ಬೆಂಕಿ ಹಚ್ಚುವಷ್ಟಾದರೂ ಮೈಬಗ್ಗುತ್ತಿತ್ತು.

ಆ ಹಾಳೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಯಂತ್ರದ ಕೋಣೆಯ ಕಿಟಕಿಕಟ್ಟೆಯ ಮೇಲಿಟ್ಟು ಬರೆದೆ, ಹಾಳೆಯ ಮೂಲೆಗೆ ಎಣ್ಣೆಯ ಕಲೆ ಹತ್ತಿತು. ನಿನ್ನ ಕಂಪ್ಯೂಟರು ಏನು ಹೇಳಿದರೂ ನನಗೆ ಲೆಕ್ಕಕ್ಕಿಲ್ಲ. ನಾಳೆಯೇ ವಿಚಾರಣಾಧಿಕಾರಿಗೆ ಪ್ರಮಾಣಪತ್ರ ಬರೆದುಕೊಡುತ್ತೇನೆ: ಆ ಲಿಫ್ಟನ್ನು ನಿಲ್ಲಿಸಲು ನಾನು ಲಿಖಿತವಾಗಿ ಆದೇಶಿಸಿದ್ದೆ ಎಂದು. ನಿನ್ನ ಯಂತ್ರ ನಿಜ ಹೇಳುತ್ತದೋ ನಾನೋ, ನೋಡಿಯೇಬಿಡೋಣ.

ಆ ಸ್ಕ್ಯಾನುಗಳನ್ನು ಎಲ್ಲಿಟ್ಟಿದ್ದೀಯ, ಯಾವ ಕೋಣೆ, ಯಾವ ಕಪಾಟು, ಬೀಗದಕೈ ಯಾರ ಸೊಂಟದಲ್ಲಿದೆ, ಬರೆ.

ಅದೇ ನಿವೃತ್ತಳು


ಮಾರ್ಚ್ 1

ಅಕ್ಕಾ,

ಪ್ರಮಾಣಪತ್ರ ಕೊಟ್ಟೇಬಿಟ್ಟೆಯಂತೆ. ಒಂದು ಮಾತು ಕೇಳಬಹುದಿತ್ತು.

ಕೋಣೆಯೂ ಇಲ್ಲ, ಕಪಾಟೂ ಇಲ್ಲ. ದಾಖಲೆಗಳೆಲ್ಲ ಒಂದು ಕ್ಲೌಡ್ ಕಂಪನಿಯ ಜಾಗದಲ್ಲಿವೆ, ಪ್ರತಿಯೊಂದೂ ಬೀಗ ಹಾಕಿದ ಸ್ಥಿತಿಯಲ್ಲಿ. ಬೀಗ ಎಂದರೆ ಗೂಢಲಿಪಿ. ಕದ್ದವನಿಗೆ ಸಿಗುವುದು ಬರೀ ಕಸ. ಅದನ್ನು ಬಿಡಿಸುವ ಕೀ ನಮ್ಮ ಕೈಯಲ್ಲೂ ಇರುವುದಿಲ್ಲ. ಕಂಪನಿಯ ಕೀ ಭಂಡಾರದಲ್ಲಿ ಇರುತ್ತದೆ, ಅಲ್ಲಿಂದ ಎಂದೂ ಹೊರಗೆ ಬರುವುದಿಲ್ಲ. ಅದನ್ನು ಬಳಸಲು ಅಪ್ಪಣೆ ಮಾತ್ರ ನಮ್ಮದು.

ನಮ್ಮದೆಂಬ ಸರ್ವರ್ ಕೂಡ ಇಲ್ಲ. ಯಾರಾದರೂ ದಾಖಲೆ ಕೇಳಿದಾಗ ಒಂದು ಸಣ್ಣ ಪ್ರೋಗ್ರಾಂ ಎಚ್ಚರವಾಗುತ್ತದೆ. ಅದಕ್ಕೆ ಫಂಕ್ಷನ್ ಎನ್ನುತ್ತೇವೆ. ಅದು ಕೀ ಭಂಡಾರಕ್ಕೆ ಹೋಗಿ ತನ್ನ ಗುರುತು ತೋರಿಸುತ್ತದೆ, ಬೀಗ ಬಿಡಿಸಿಕೊಂಡು ದಾಖಲೆ ತೋರಿಸುತ್ತದೆ, ಮುಗಿಯುತ್ತದೆ. ಎಲ್ಲ ಸೇರಿ ಎರಡು ಸೆಕೆಂಡು. ಕನ್ನ ಹಾಕಲು ಕೋಣೆಯಿಲ್ಲ, ಲಂಚ ತಿನ್ನಿಸಲು ಗುಮಾಸ್ತನಿಲ್ಲ. ನೀನು ನಲವತ್ತು ವರ್ಷ ಯಾವುದನ್ನು ಬೈಯುತ್ತ ಬಂದೆಯೋ ಅದನ್ನು ನಾನು ಇಲ್ಲವಾಗಿಸಿದ್ದೇನೆ. ಒಂದು ಸಲವಾದರೂ ಬಂದು ನೋಡು.

ನಿನ್ನ ತಮ್ಮ


ಮಾರ್ಚ್ 9

ನಿರ್ದೇಶಕರೇ,

ಬಂದು ನೋಡಿದೆ. ನೀವು ಸಭೆಯಲ್ಲಿದ್ದಿರಿ ಎಂದರು. ಇದ್ದಿರಬಹುದು. ಗಾಜಿನ ಗೋಡೆಯಾಚೆ ಪ್ಲಾಸ್ಟಿಕ್ ಗಿಡಗಳ ನಡುವೆ ಹತ್ತು ಮಂದಿ ಒಂದು ಪರದೆಯನ್ನು ನೋಡುತ್ತ ತಲೆಯಾಡಿಸುತ್ತಿದ್ದರು. ನಡುವೆ ನಿನ್ನ ಬೋಳುತಲೆಯೂ ಆಡುತ್ತಿತ್ತು.

ನಿನ್ನ ಪ್ರೋಗ್ರಾಮರಮ್ಮನನ್ನು ಹುಡುಕಿಕೊಂಡು ಹೋದೆ. ಕಿವಿಗೆ ಹಾಕಿಕೊಂಡಿದ್ದುದನ್ನು ತೆಗೆಸುವುದಕ್ಕೆ ಮೇಜನ್ನು ಎರಡು ಸಲ ತಟ್ಟಬೇಕಾಯಿತು.

"4417 ತೆಗಿಯಮ್ಮ" ಅಂದೆ.

"ಅಂಥ ದಾಖಲೆ ಇಲ್ಲ ಅಂತ ಬರ್ತಿದೆ ಮೇಡಂ."

"4416?"

"ಅದೂ ಇಲ್ಲ."

"4418?"

"ಇಲ್ಲ ಮೇಡಂ. ನಿಮ್ಮ ಹತ್ರ ಸರಿಯಾದ ನಂಬರ್ ಇಲ್ಲ ಅನ್ಸತ್ತೆ."

"ಸರಿ ತಾಯಿ, 4302 ನೋಡು."

"ಇಲ್ಲ."

"ನೀನು ಈ ಏಳನೇ ಮಹಡಿಗೆ ಹೇಗೆ ಬಂದೆ?"

"ಲಿಫ್ಟಲ್ಲಿ."

"ಆ ಲಿಫ್ಟಿನ ಒಳಗೋಡೇಲಿ ಒಂದು ಚೌಕಟ್ಟು ನೇತಾಡ್ತಿದೆಯಲ್ಲ, ಎದ್ದು ಹೋಗಿ ಓದ್ಕೊಂಡು ಬಾ. ವರದಿ ನಂಬರು 4302, ಕೆಳಗೆ ನನ್ನ ಸಹಿ. ನಿನ್ನ ಯಂತ್ರದ ಪ್ರಕಾರ ಆ ಲಿಫ್ಟೂ ಇಲ್ಲ, ಅದರಲ್ಲಿ ಬಂದ ನೀನೂ ಇಲ್ಲ."

ಹುಡುಗಿ ಒಳ್ಳೆಯವಳು. ಎದ್ದು ಹೋದಳು, ಓದಿದಳು, ಬಂದು ಕೂತು ಕಾಲುಗಂಟೆ ಏನೇನೋ ತಟ್ಟಿದಳು. ಆಮೇಲೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು.

"ಮೇಡಂ, ದಾಖಲೆ ಇದೆ. ಲಿಫ್ಟಿನ ಎಲ್ಲಾ ದಾಖಲೆನೂ ಇದೆ. ಕೀ ಆಫ್ ಆಗಿದೆ. ಫಂಕ್ಷನ್ ಹೋಗಿ ಕೇಳತ್ತೆ, ಅಲ್ಲಿ ಕೊಡಲ್ಲ ಅಂತಾರೆ, ವಾಪಸ್ ಬರತ್ತೆ."

"ಕೊಡಲ್ಲ ಅಂದ್ರು ಅಂತ ಹೇಳ್ಬೇಕು ತಾನೇ? ಇಲ್ಲ ಅಂತ ಯಾಕೆ ಹೇಳತ್ತೆ?"

"ಏನೇ ತೊಂದರೆ ಆದ್ರೂ ಅದೊಂದೇ ಉತ್ತರ ಬರೋ ಹಾಗೆ ಇಟ್ಟಿದೀವಿ. ಬೇರೆ ಬೇರೆ ಬರೆದ್ರೆ ಜನ ಗಾಬರಿಯಾಗಿ ಫೋನ್ ಮಾಡ್ತಾರೆ ಅಂತ ಸರ್ ಹೇಳಿದ್ರು."

ತಮ್ಮಾ, ಇದನ್ನು ಎರಡು ಸಲ ಓದಿಕೋ. ನಿನ್ನ ಗುಮಾಸ್ತ ಕಪಾಟಿನ ಬಾಗಿಲು ತೆರೆಯಲಾಗದೆ ವಾಪಸು ಬಂದು, ಕಪಾಟಿನಲ್ಲಿ ಏನೂ ಇಲ್ಲ ಎಂದು ಹೇಳುತ್ತಾನೆ. ಹಾಗೆ ಹೇಳಲು ಕಲಿಸಿದವನು ನೀನು. ಆ ಮಾತನ್ನು ನಂಬಿ ಒಬ್ಬನನ್ನು ಜೈಲಿಗೆ ಅಟ್ಟಲು ಹೊರಟಿದ್ದಾರೆ.

ಕೀ ಯಾಕೆ ಆಫ್ ಆಯಿತು ಎಂದು ಕೇಳಿದೆ. ನಾನೂರು ದಿನ ಯಾರೂ ಬಳಸದ ಕೀಗಳನ್ನೆಲ್ಲ ಅಳಿಸಿಬಿಡಿ ಎಂದು ಜನವರಿ 10ಕ್ಕೆ ಆದೇಶ. ಅದರ ಕೆಳಗೆ ನಿನ್ನ ಸಹಿ. ತಪಾಸಣೆಯೇ ನಿಂತುಹೋದ ಮೇಲೆ ಹಳೆಯ ಲಿಫ್ಟ್ ವರದಿ ಯಾರು ಕೇಳುತ್ತಾರೆ? ಕೇಳದಿದ್ದದ್ದು ಬೇಡದ್ದು ಎಂದು ನಿನ್ನ ತೀರ್ಮಾನ. ಎಂದೂ ಎಳೆಯದ ಬ್ರೇಕು ಬೇಡದ ಬ್ರೇಕು ಎಂದು ಯಾವನಾದರೂ ಮೆಕ್ಯಾನಿಕ್ ನನಗೆ ಹೇಳಿದ್ದರೆ ಅವನನ್ನು ಅಲ್ಲಿಯೇ ಮನೆಗೆ ಕಳಿಸುತ್ತಿದ್ದೆ.

ಅಳಿಸಲು ತೊಂಬತ್ತು ದಿನದ ವಾಯಿದೆಯಿದೆಯಂತೆ, ಅಷ್ಟು ದಿನವೂ ಕೀ ಆಫ್ ಆಗಿಯೇ ಇರುತ್ತದಂತೆ. ಏಪ್ರಿಲ್ 10ಕ್ಕೆ ಕೀ ಸಾಯುತ್ತದೆ. ಅದರೊಂದಿಗೆ ನಲವತ್ತೊಂದು ಸಾವಿರ ವರದಿಗಳು ಶಾಶ್ವತವಾಗಿ ಕಸ. "ಕಂಪನಿಯವರಿಗೂ ತೆಗೆಯಕ್ಕಾಗಲ್ಲ ಮೇಡಂ, ದೇವರಿಗೂ ಆಗಲ್ಲ" ಅಂದಳು.

ವಿಚಾರಣೆ 18ಕ್ಕೆ. ಎಣಿಕೆ ನಿನಗೆ ಬರುತ್ತದೆ ಎಂದುಕೊಂಡಿದ್ದೇನೆ, ಇಪ್ಪತ್ತೆಂಟೇ ಅಂಕ ಬಂದಿದ್ದರೂ.

ಅಕ್ಕ


ಮಾರ್ಚ್ 20

ಅಕ್ಕಾ,

ನೀನು ಬಂದುಹೋದ ಮೇಲೆ ಕಚೇರಿಯಲ್ಲಿ ನಾನು ತಲೆಯೆತ್ತಿಲ್ಲ. ತಪ್ಪು ನನ್ನದು. ಬಳಸದ ಕೀ ಬಿದ್ದಿರುವುದು ಅಪಾಯ, ಯಾವನೋ ಎತ್ತಿಕೊಂಡಾನು ಎಂಬ ಕಾರಣಕ್ಕೆ ಆ ಆದೇಶ ಹೊರಡಿಸಿದ್ದೆ, ನಿಯಮ ಸರಿಯಾದದ್ದೇ. ಕೀಯ ಹಿಂದೆ ಏನಿದೆ ಎಂದು ಪಟ್ಟಿ ನೋಡದೆ ಸಹಿ ಹಾಕಿದ್ದು ತಪ್ಪು. ಸಾವಿರದ ಇನ್ನೂರು ಕೀಗಳ ಪಟ್ಟಿ. ಯಾರು ಓದುತ್ತಾರೆ?

ಅಳಿಸುವುದನ್ನು ರದ್ದುಮಾಡಲು ಸಮಿತಿಯ ಒಪ್ಪಿಗೆ ಬೇಕು. ಈ ತಿಂಗಳ ಕೊನೆಯೊಳಗೆ ಮಾಡಿಸುತ್ತೇನೆ. 4417ನ್ನು ನಾನೇ ತೆಗೆದು ವಿಚಾರಣಾಧಿಕಾರಿಗೆ ತಲುಪಿಸುತ್ತೇನೆ. ಮೇಸ್ತ್ರಿಗೆ ಹೇಳು.

ತಮ್ಮ


ಮಾರ್ಚ್ 23

ತಮ್ಮಾ,

'ಯಾರು ಓದುತ್ತಾರೆ?' ಓದದೆ ಸಹಿ ಹಾಕುವವರ ಬಗ್ಗೆ ನನಗಿರುವ ಅಭಿಪ್ರಾಯವನ್ನು ಬರೆದರೆ ಅಂಚೆಯವರು ಈ ಲಕೋಟೆ ಮುಟ್ಟುವುದಿಲ್ಲ. ನನ್ನ ಇಡೀ ನೌಕರಿಯಲ್ಲಿ ಕಣ್ಣಾರೆ ನೋಡದ ಒಂದು ಸಾಲಿನ ಕೆಳಗೂ ನಾನು ಹೆಸರು ಬರೆದಿಲ್ಲ.

ಮೇಸ್ತ್ರಿಗೆ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಅವನು ನನ್ನ ಮುಂದಿನ ಕುರ್ಚಿಯಲ್ಲಿ ಕೂತು ಉಗುರಿನ ಕಪ್ಪು ಕೆರೆಯುತ್ತ, "ಸಿಗತ್ತೆ ಅಂತೀರಾ ಮೇಡಂ? ಸಿಕ್ಕೇ ಸಿಗತ್ತಾ?" ಎಂದು ಮೂರು ಸಲ ಕೇಳಿದ. "ನಿಮ್ಮ ಆ ಪ್ರಮಾಣಪತ್ರ ಮಾತ್ರ ಕೊಡ್ಬಾರ್ದಿತ್ತು" ಎಂದೂ ಅಂದ. ಪಾಪ, ತನ್ನಿಂದಾಗಿ ನಾನು ಕೋರ್ಟು ಕಚೇರಿ ಅಲೆಯಬೇಕಾಯಿತಲ್ಲ ಎಂಬ ಸಂಕೋಚ ಅವನಿಗೆ. ನಿನ್ನಂಥವರ ನಡುವೆ ಇಂಥವನೂ ಒಬ್ಬ ಇದ್ದಾನೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಮೊನ್ನೆ ಕೀಯನ್ನು ಮತ್ತೆ ಚಾಲೂ ಮಾಡಿಸಿದೆ. ದಾಖಲೆಗಳು ತೆರೆಯುತ್ತಿವೆ. 4417 ಇದೆ. ಓದಿದೆ.

18ಕ್ಕೆ ನೀನು ಹೋಗಲೇಬೇಕೇ? ವಕೀಲರೊಬ್ಬರನ್ನು ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. ವಯಸ್ಸು, ಆರೋಗ್ಯ, ಮರೆವು ಎಂದು ಕಾರಣ ಕೊಟ್ಟು ಪ್ರಮಾಣಪತ್ರವನ್ನು ಹಿಂದಕ್ಕೆ ಪಡೆಯಬಹುದಂತೆ. ನಾಚಿಕೆಪಡುವಂಥದ್ದೇನೂ ಇಲ್ಲ. ಮೇಸ್ತ್ರಿಗೆ ಒಳ್ಳೆಯ ವಕೀಲರನ್ನು ನಾನೇ ಗೊತ್ತುಮಾಡುತ್ತೇನೆ. ಬೇಕಿದ್ದರೆ ಆ ವಾರ ನಮ್ಮ ಮನೆಗೆ ಬಂದಿರು. ಮಕ್ಕಳು ನಿನ್ನನ್ನು ಕೇಳುತ್ತಿರುತ್ತಾರೆ.

ತಮ್ಮ


ಏಪ್ರಿಲ್ 4

ಎಲವೋ,

ಮರೆವು? ನನಗೆ?

ಅರ್ಥವಾಯಿತು ಬಿಡು. ಆ ವರದಿ ಹೊರಗೆ ಬಂದರೆ ಮೊದಲು ಕೇಳುವ ಪ್ರಶ್ನೆ, ಆಗ ಇಲ್ಲವೆಂದಿರಲ್ಲ ಎಂದು. ನಿನ್ನ ಗಾಜಿನ ಕೋಣೆಗೆ ಕಲ್ಲು ಬೀಳುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಅಕ್ಕನಿಗೆ ಅರಳುಮರಳು ಎಂಬ ಪಟ್ಟ ಕಟ್ಟಲು ಹೊರಟಿದ್ದೀಯ, ಮಕ್ಕಳನ್ನು ನಡುವೆ ತಂದು. ನಾಲ್ಕು ವರ್ಷ ಕೇಳದ ಮಕ್ಕಳು ಈಗ ಕೇಳತೊಡಗಿದವೇ?

ವರದಿಯಲ್ಲಿ ಏನಿದೆಯೋ ಅದನ್ನು ಇದ್ದಹಾಗೆ ವಿಚಾರಣಾಧಿಕಾರಿಯ ಮೇಜಿನ ಮೇಲೆ ಇಡು. ಇಡಲು ಧೈರ್ಯವಿಲ್ಲದಿದ್ದರೆ ಯಾಕಿಲ್ಲ ಎಂದು ನನಗೆ ಬರೆ. ತೇಲಿಸಬೇಡ.

ಅಕ್ಕ


ಏಪ್ರಿಲ್ 6

ಅಕ್ಕಾ,

ಬರೆಯುತ್ತೇನೆ. ಅಕ್ಷರ ಅಕ್ಷರ ಇಳಿಸಿದ್ದೇನೆ.

ಮೇಸ್ತ್ರಿಯ ಕೈಬರಹ: 'ಬ್ರೇಕ್ ಲೈನಿಂಗ್ ಸವೆದಿದೆ. ಬದಲಿಸುವ ತನಕ ಲಿಫ್ಟ್ ನಿಲ್ಲಿಸಬೇಕು.'

ಅದರ ಕೆಳಗೆ ನಿನ್ನ ಕೈಬರಹ: 'ನೋಡಿದೆ. ಆಸ್ಪತ್ರೆಯಲ್ಲಿ ಗಾಲಿಮಂಚ ಹಿಡಿಸುವ ಲಿಫ್ಟ್ ಇದೊಂದೇ ಆದ್ದರಿಂದ ಒಂದು ತಿಂಗಳೊಳಗೆ ಲೈನಿಂಗ್ ಬದಲಿಸುವ ಷರತ್ತಿನ ಮೇಲೆ ಮುಂದಿನ ತಪಾಸಣೆಯವರೆಗೆ ಓಡಿಸಬಹುದು.'

ನಿನ್ನ ಸಹಿ. ತಾರೀಖು. ಮೂಲೆಯಲ್ಲಿ ಎಣ್ಣೆಯ ಕಲೆ.

ಆಸ್ಪತ್ರೆಯವರು ಬದಲಿಸಲಿಲ್ಲ. ಅದಕ್ಕೇ ಅವರ ಪ್ರತಿ ಕಳೆದುಹೋಗಿದೆ. ಮುಂದಿನ ತಪಾಸಣೆಯಂತೂ ಬರಲೇ ಇಲ್ಲ. ಅದು ನಿನಗೆ ಹೇಗೆ ಗೊತ್ತಾಗಬೇಕಿತ್ತು? ಆದರೆ ಪ್ರಮಾಣಮಾಡಿ ಬೇರೆಯೇ ಹೇಳಿದ್ದೀಯ. ಸುಳ್ಳು ಸಾಕ್ಷಿ ಎನ್ನುತ್ತಾರೆ. ಆಯಾಳ ಕಾಲಿಗೆ ನಿನ್ನನ್ನೂ ಗಂಟುಹಾಕುತ್ತಾರೆ.

ಇದನ್ನು ನೋಡಿರುವವನು ನಾನೊಬ್ಬನೇ. ಇವತ್ತು ಬೆಳಗ್ಗೆ ಕೀಯನ್ನು ಮತ್ತೆ ಅಳಿಸುವ ಸಾಲಿಗೆ ಹಾಕಿದ್ದೇನೆ. ಕಂಪನಿ ಒಪ್ಪುವ ಅತಿ ಕಡಿಮೆ ವಾಯಿದೆ ಏಳು ದಿನ. 13ಕ್ಕೆ ಮುಗಿಯುತ್ತದೆ. ಹಳೆಯ ಆದೇಶದ ಪ್ರಕಾರವೇ ನಡೆದಂತೆ ಕಾಣುತ್ತದೆ. ಪಟ್ಟಿ ಓದದ ನಿರ್ದೇಶಕ ಎಂದು ನನ್ನನ್ನು ಬೈಯುತ್ತಾರೆ, ಅಷ್ಟೇ. ಮೇಸ್ತ್ರಿಗೆ ನನ್ನ ಕೈಲಾದದ್ದನ್ನೆಲ್ಲ ಮಾಡುತ್ತೇನೆ.

ಬೇಡವೆಂದರೆ ಹೇಳು, ಆ ಕ್ಷಣ ನಿಲ್ಲಿಸುತ್ತೇನೆ. ಏನೂ ಹೇಳದಿದ್ದರೂ ಸರಿ. ನೀನು ಏನೂ ಮಾಡಬೇಕಾಗಿಲ್ಲ.

ನಿನ್ನ ತಮ್ಮ


ಏಪ್ರಿಲ್ 12

ತಮ್ಮಾ,

ನಿನ್ನ ಪತ್ರ ಈಗ ತಾನೇ ಕೈಗೆ ಬಂತು. ಅಂಚೆ ಇಲಾಖೆಯೂ ನಿನ್ನ ಇಲಾಖೆಯ ದಾರಿ ಹಿಡಿದಿದೆ. ಇದನ್ನು ನಿನ್ನ ಕಾವಲುಗಾರನ ಕೈಗೆ ನಾನೇ ಕೊಟ್ಟು, ಅವನು ನಿನ್ನ ಕೈಗಿಡುವುದನ್ನು ಗಾಜಿನಾಚೆಯಿಂದ ನೋಡಿಯೇ ಹೋಗುತ್ತೇನೆ.

ನಿಲ್ಲಿಸು. ಈಗಲೇ ನಿಲ್ಲಿಸು.

ನಲವತ್ತೊಂದು ಸಾವಿರ ಲಿಫ್ಟ್ ವರದಿಗಳನ್ನು ಒಬ್ಬ ಮುದುಕಿಯ ಮರ್ಯಾದೆಗೆ ಬಲಿಕೊಡಲು ಹೊರಟಿದ್ದೀಯ. ಅವುಗಳಲ್ಲಿ ಇನ್ನೆಷ್ಟು ಮೇಸ್ತ್ರಿಗಳ ಎಚ್ಚರಿಕೆಗಳಿವೆಯೋ, ಇನ್ನೆಷ್ಟು ಕಡೆ ನಾನು 'ಮುಂದಿನ ತಪಾಸಣೆಯವರೆಗೆ' ಎಂದು ಗೀಚಿದ್ದೇನೋ. ಆ ಲಿಫ್ಟುಗಳೆಲ್ಲ ಇವತ್ತೂ ಜನರನ್ನು ಹೊತ್ತುಕೊಂಡು ಏರಿಳಿಯುತ್ತಿವೆ. ಅದು ನಿನಗೆ ಹೊಳೆಯಲಿಲ್ಲ. ಅಕ್ಕನ ಮೇಲೆ ಪ್ರೀತಿಯಂತೆ. ಇಂಥ ಪ್ರೀತಿಯಿಂದಲೇ ಊರು ಹಾಳಾಗಿರುವುದು.

4417ನ್ನು ಕೊಡು. ನಿನ್ನ 6ನೇ ತಾರೀಖಿನ ಪತ್ರವನ್ನು ನಾನು ಯಾರಿಗೂ ತೋರಿಸುವುದಿಲ್ಲ. ತೋರಿಸಬೇಕೋ ಬೇಡವೋ ಎಂಬುದು ನಿನಗೆ ಬಿಟ್ಟದ್ದು.

ಅಕ್ಕ


ಏಪ್ರಿಲ್ 21

ತಮ್ಮಾ,

ನೀನು ಹಿಂದಿನ ಸಾಲಿನಲ್ಲಿ ಕೂತಿದ್ದುದನ್ನು ನೋಡಿದೆ. ವರದಿಯನ್ನು ಓದಿದ್ದನ್ನು ನೀನೂ ಕೇಳಿದೆ. ಮೇಸ್ತ್ರಿಯನ್ನು ಬಿಟ್ಟರು. ಆಸ್ಪತ್ರೆಯ ವ್ಯವಸ್ಥಾಪಕನಿಗೂ ನನಗೂ ನೋಟೀಸು ಕೊಟ್ಟರು; ನನಗೆ ಎರಡು, ಷರಾಕ್ಕೊಂದು, ಪ್ರಮಾಣಪತ್ರಕ್ಕೊಂದು. ಆಯಾ ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಹೊರಗೆ ಬರುವಾಗ ದಾರಿ ಬಿಡಲು ಪಕ್ಕಕ್ಕೆ ಸರಿದಳು. ಅಷ್ಟು ನಿಧಾನವಾಗಿ ಯಾರೂ ಸರಿದದ್ದನ್ನು ನಾನು ನೋಡಿಲ್ಲ.

12ಕ್ಕೆ ನಾನು ಬರೆದದ್ದರಲ್ಲಿ ಒಂದು ಸಾಲು ಸುಳ್ಳು. ನಿನ್ನ ಪತ್ರ 7ನೇ ತಾರೀಖು ಹನ್ನೊಂದು ಗಂಟೆಗೆ ಬಂದಿತ್ತು. ಸಹಿ ಹಾಕಿ ತೆಗೆದುಕೊಂಡೆ. ಓದಿ, ಮಡಚಿ, ಪುಸ್ತಕದ ಕಪಾಟಿನಲ್ಲಿಟ್ಟೆ. ಆಮೇಲೆ ಐದು ದಿನ ನನ್ನ ಪಾಡಿಗೆ ನಾನಿದ್ದೆ. ಗಿಡಕ್ಕೆ ನೀರು ಹಾಕಿದೆ, ಪತ್ರಿಕೆ ಓದಿದೆ, ಪತ್ರಿಕೆಯವರು ಮಾಡಿದ ತಪ್ಪುಗಳಿಗೆ ಕೆಂಪು ಗೀಟು ಹಾಕಿದೆ. ಏನೂ ಮಾಡಬೇಕಾಗಿಲ್ಲ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಬಹಳ ಅಚ್ಚುಕಟ್ಟಾಗಿ ಮಾಡಿದೆ. 12ಕ್ಕೆ ಯಾಕೆ ಎದ್ದು ಹೊರಟೆ ಎಂದು ಕೇಳಬೇಡ. ಮನಸ್ಸಾಕ್ಷಿ ಗಿನಸ್ಸಾಕ್ಷಿ ಎಂದೆಲ್ಲ ಹೇಳಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದಿಲ್ಲ.

ಮೇಸ್ತ್ರಿ ನಿನ್ನೆ ಮನೆಗೆ ಬಂದಿದ್ದ. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲಾಚೆಯೇ ನಿಂತ.

"ನಿನ್ನ ಮುಖ ನೋಡೋ ಯೋಗ್ಯತೆ ನನಗಿಲ್ಲಪ್ಪ" ಅಂದೆ. "ನಿಜವಾಗ್ಲೂ ನಿಲ್ಲಿಸಿದ್ದೆ ಅಂತಲೇ ನೆನಪಿತ್ತು. ಕಣ್ಣಿಗೆ ಕಟ್ಟಿದ ಹಾಗಿತ್ತು."

"ನೀವು ನಿಲ್ಲಿಸಿದ್ದು ಅದೇ ವಾರ ಅಂಗಡಿ ಸಾಲಿನ ಲಿಫ್ಟು ಮೇಡಂ. ಆಸ್ಪತ್ರೇದಲ್ಲ."

"ನಿನಗೆ ಗೊತ್ತಿತ್ತಾ?"

"ಪಕ್ಕದಲ್ಲೇ ನಿಂತಿದ್ನಲ್ಲ. ದೊಡ್ಡ ಡಾಕ್ಟ್ರು ಬಂದು ಕೈಮುಗಿದ್ರು, ಇದೊಂದೇ ಲಿಫ್ಟು ಅಂತ. ನೀವು ಗಡಿಯಾರ ನೋಡಿದ್ರಿ, ಬರೆದ್ರಿ. ಒಂದು ತಿಂಗಳು ತಾನೇ, ಏನೂ ಆಗಲ್ಲ ಬಾ ಅಂದ್ರಿ."

"ಮತ್ತೆ ಈ ಮೂರು ತಿಂಗಳು ನನ್ನ ಎದುರು ಕೂತು ಒಂದು ಮಾತು ಹೇಳ್ಲಿಲ್ವಲ್ಲೋ? ನಿಮ್ಮ ಷರಾ ಅದಲ್ಲ ಮೇಡಂ ಅಂತ ಒಂದೇ ಒಂದು ಮಾತು!"

ಅವನು ಕೋಪಿಸಿಕೊಂಡಿರಲಿಲ್ಲ, ತಮ್ಮಾ. ಬೋಲ್ಟಿನ ಅಳತೆ ಹೇಳುವ ಹಾಗೆ ಹೇಳಿದ.

"ಹೇಳಿದ್ರೆ ನೀವು ಹುಡುಕೋದನ್ನ ಬಿಟ್ಬಿಡ್ತಿದ್ರಿ ಮೇಡಂ."

ನಮಸ್ಕಾರ ಮಾಡಿ ಹೋದ.

ಬಿಡುತ್ತಿರಲಿಲ್ಲ ಎಂದು ಅವನ ಬೆನ್ನಿಗೆ ಕೂಗಿ ಹೇಳಲು ಬಾಯಿ ತೆರೆದೆ. ಅವನು ಮೆಟ್ಟಿಲಿಳಿದು, ರಸ್ತೆ ದಾಟಿ, ತಿರುವಿನಲ್ಲಿ ಮರೆಯಾಗುವ ತನಕ ಹಾಗೆಯೇ ನಿಂತಿದ್ದೆ. ನೀನು ಏಳು ದಿನ ಕೊಟ್ಟಾಗ ಅಕ್ಕ ಏನು ಮಾಡಿಯಾಳು ಎಂದು ಒಂದು ಅಂದಾಜು ಕಟ್ಟಿದ್ದೆಯಲ್ಲ. ನಿನ್ನದೂ ಅವನದೂ ಒಂದೇ ಅಂದಾಜು.

ಅಕ್ಕ